ಅರ್ಧ ದಾರಿಯ ಸದ್ದು

ಮಳೆ ಬರಲಿ ಎಂದು ಜಯದೇವ ಹಾಸಿಗೆಯಿಂದ ಎದ್ದಾಗಿನಿಂದ ಕಾಯುತ್ತಿದ್ದ. ಬೇಡವೆಂದಾಗಲೆಲ್ಲ ಸುರಿಯುವ ಊರು ಇದು; ಸೈಕಲ್ ಹತ್ತಿ ಆಫೀಸಿಗೆ ಹೊರಟರೆ ಸಾಕು, ಪ್ಯಾಂಟು ಮೊಣಕಾಲಿನತನಕ ತೊಯ್ದು ಇಡೀ ದಿನ ಕಾಲಿಗೆ ತಣ್ಣಗೆ ಅಂಟಿಕೊಂಡಿರುತ್ತದೆ. ಇವತ್ತು ನೋಡಿದರೆ ಡಚ್ಚರ ನಾಡಿನ ಬೆಸ್ಟ್ ಎಂಬ ಈ ಊರಿನ ಮೇಲೆ ತೊಳೆದು ಬೋರಲಿಟ್ಟ ತಾಟಿನಂಥ ಆಕಾಶ. ಫೋನಿನಲ್ಲಿ ಮಳೆಯ ಆ್ಯಪ್ ತೆರೆದು, ದೇಶದ ನಕ್ಷೆಯ ಮೇಲೆ ಎಲ್ಲಾದರೂ ಒಂದು ನೀಲಿ ಮಚ್ಚೆ ಕಂಡೀತೇ ಎಂದು ಹುಡುಕಿದ. ಸಮುದ್ರದ ಮೇಲೆ ಒಂದಿತ್ತು. ಅದೂ ಡೆನ್ಮಾರ್ಕಿನ ಕಡೆ ಹೊರಟಿತ್ತು. ಟಾರು ಒದ್ದೆಯಾದರೆ ಇವತ್ತಿನ ಬೈಕ್ ರೇಸು ಇಲ್ಲ. ಯಾರ ತಪ್ಪೂ ಅಲ್ಲ, ಯಾರೂ ಯಾರನ್ನೂ ಕೇಳುವ ಹಾಗಿಲ್ಲ; ಬೈಕನ್ನು ಮತ್ತೆ ವ್ಯಾನಿಗೆ ಹತ್ತಿಸಿ, ಛೇ, ಎಂಥ ದಿನ ನೋಡಿ ಎಂದು ನಾಲ್ಕು ಮಂದಿಯ ಮುಂದೆ ತಲೆಯಾಡಿಸಿ ಮನೆಗೆ ಬರಬಹುದು. ಕಳೆದ ತಿಂಗಳು ಹಾಗೇ ಆಗಿತ್ತು. ಆವತ್ತು ವಾಪಸು ಬರುವಾಗ ತಾನು ಸಿಳ್ಳೆ ಹಾಕುತ್ತಿದ್ದದ್ದು ಪಕ್ಕದಲ್ಲಿ ಕೂತಿದ್ದ ಹೆಂಡತಿ ವೈಷ್ಣವಿಯ ಗಮನಕ್ಕೆ ಬಂದಿತ್ತೇ ಎಂಬ ಸಂಶಯ ಈಗಲೂ ಅವನನ್ನು ಬಿಟ್ಟಿರಲಿಲ್ಲ.

ಮನೆಯ ಹಿಂದಿನ ಗರಾಜಿನ ಬಾಗಿಲು ಆಗಲೇ ತೆರೆದಿತ್ತು. ಕಲಬುರಗಿಯಿಂದ ಮಗನ ಸಂಸಾರ ನೋಡಲು ಬಂದಿದ್ದ ತಾಯಿ ಶಿವಕ್ಕ ತಲೆಗೆ ನೀರು ಹಾಕಿಕೊಂಡು, ಕೂದಲ ತುದಿಗೆ ಗಂಟು ಬಿಗಿದು, ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ಬೈಕು ಎಂದರೆ ಅವಳು ಕಂಡ ಬೈಕುಗಳ ಹಾಗಿರಲಿಲ್ಲ ಅದು. ನೆಲಕ್ಕೆ ಅಂಟಿಕೊಂಡಂತೆ ಉದ್ದಕ್ಕೆ ಚಾಚಿಕೊಂಡಿತ್ತು. ಹಿಂದಿನ ಗಾಲಿ ಕಾರಿನ ಗಾಲಿಯಷ್ಟು ಅಗಲ. ಮುಂಗಾಲಿ ಗಾಳಿಗೇಳದಂತೆ ಹಿಂದುಗಡೆ ಎರಡು ಉದ್ದನೆಯ ಸರಳು, ಸರಳಿನ ತುದಿಗೆ ಆಟದ ಸಾಮಾನಿನಂಥ ಪುಟ್ಟ ಚಕ್ರ. ಕನ್ನಡಿಯಿಲ್ಲ, ಹಾರ್ನ್ ಇಲ್ಲ, ಹಿಂದೆ ಕೂರಲು ಸೀಟಿಲ್ಲ. ಇಂಥದ್ದನ್ನು ಕಟ್ಟಿ ಏನು ಮಾಡುತ್ತೀ ಎಂದು ಅವಳು ಬಂದ ಮಾರನೆಯ ದಿನವೇ ಕೇಳಿದ್ದಳು. ಇಬ್ಬರು ಪಕ್ಕಪಕ್ಕದಲ್ಲಿ ನಿಲ್ಲುತ್ತೇವೆ, ಹಸಿರು ದೀಪ ಬಂದ ಕೂಡಲೇ ನೆಟ್ಟಗೆ ಓಡಿಸುತ್ತೇವೆ, ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದಂತೆ ಎಂದಿದ್ದ. "ತಿರುವೂ ಇಲ್ಲೇನು? ಮತ್ತ ಹಂಗಿದ್ರ ಅದರಾಗೇನದ?" ಎಂದು ಶಿವಕ್ಕ ಸುಮ್ಮನಾಗಿದ್ದಳು. ಈಗ ಅರಿಷಿಣದ ಕೊಂಬು ಕಟ್ಟಿದ ದಾರವೊಂದನ್ನು ಬಲಗಡೆಯ ಹ್ಯಾಂಡಲಿಗೆ ಸುತ್ತಿ ಗಂಟು ಹಾಕುತ್ತ ಅವಳು ಹೇಳಿದಳು, "ಹೊಸಾ ಗಾಡಿ, ಪೂಜಿ ಇಲ್ದ ಹೊರಗ ಹಾಕಬಾರದು."

"ಹೊಸಾದಲ್ಲವ್ವ. ಇಂಜಿನ್ ಹಳೇದ ಅದ. ಚಾಸಿ ಅಷ್ಟ ಹೊಸಾದು."

"ಹಳೇ ಚಾಸಿಗಿ ಏನಾಗಿತ್ತು?"

ಏನೂ ಆಗಿರಲಿಲ್ಲ. ಅದೇ ಅಲ್ಲವೇ ಕಷ್ಟ. ಎಲ್ಲಾದರೂ ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಹಗಲು ಚಿಪ್ ಯಂತ್ರ ಮಾಡುವ ಕಂಪನಿಯಲ್ಲಿ ಕಣ್ಣಿಗೆ ಕಾಣದ ಕಂಪನಗಳನ್ನು ಅಳೆಯುವುದು, ಸಂಜೆ ಗರಾಜಿನಲ್ಲಿ ಕೊಳವೆ ಕೊಯ್ದು, ಬಗ್ಗಿಸಿ, ಬೆಸೆದು, ಗುಜರಿಯಿಂದ ತಂದ ಜಪಾನಿ ಎಂಜಿನ್ನಿಗೆ ಮೈ ಕಟ್ಟುವುದು, ಹೀಗೆ ವರ್ಷಗಟ್ಟಲೆ ಸುಖವಾಗಿಯೇ ನಡೆದಿತ್ತು. ಹೋದ ವರ್ಷದ ಸೆಪ್ಟೆಂಬರಿನ ಒಂದು ಓಟದಲ್ಲಿ, ಸರಿಯಾಗಿ ಅರ್ಧ ದಾರಿಯಲ್ಲಿ, ಮುಂಗಾಲಿ ಚಳಿಜ್ವರ ಬಂದವರ ದವಡೆಯ ಹಾಗೆ ನಡುಗಿತು. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಬಡಿದುಕೊಂಡಿತು. ಎರಡೂ ಪಾದ ಜಾರಿ ಗಾಳಿಯಲ್ಲಿ ತೇಲಿದವು. ಆಮೇಲೆ ಅದು ತಾನಾಗಿಯೇ ನಿಂತಿತು. ಅವನು ಏನೂ ಮಾಡಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದ, ಬಿಡುವುದಕ್ಕೆ ತಿಳಿಯದೆ ಹಿಡಿದುಕೊಂಡಿದ್ದ. ನೋಡಿದವರ ಕಣ್ಣಿಗೆ ಮಾತ್ರ ಅವನು ಹುಚ್ಚೆದ್ದ ಯಂತ್ರವನ್ನು ಪಳಗಿಸಿ ಗೆದ್ದ ಹಾಗೆ ಕಂಡಿತು. ಐಂಡ್‌ಹೋವನ್ ನಗರದ ಕನ್ನಡ ಗುಂಪಿನ ಸುರೇಶ ಅದನ್ನು ಫೋನಿನಲ್ಲಿ ಹಿಡಿದಿದ್ದ. ವಿಡಿಯೊ ಮನೆಮನೆಗೆ ಹೋಯಿತು. ರಾಜ್ಯೋತ್ಸವದ ದಿನ ಶಾಲಾ ಸಭಾಂಗಣದ ವೇದಿಕೆಗೆ ಅವನನ್ನು ಕರೆದು, ಶಾಲು ಹೊದಿಸಿ, ಪೇಟ ತೊಡಿಸಿ, "ಭಯ ಅನ್ನೋ ಪದಾನೇ ಇವರ ಡಿಕ್ಷನರೀಲಿ ಇಲ್ಲ" ಎಂದು ಸುರೇಶ ಮೈಕಿನಲ್ಲಿ ಹೇಳಿದ. ಮಕ್ಕಳು ಸೆಲ್ಫಿಗೆ ಸಾಲು ನಿಂತವು. ಸೆಪ್ಟೆಂಬರಿನ ಆ ಓಟ ಮುಗಿದ ಮೇಲೆ ಈ ಹುಲಿ, ಓಟದ ಪಟ್ಟಿಯ ತುದಿಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು, ಚರ್ಮದ ಸೂಟಿನ ಒಳಗೆ ಒದ್ದೆಯಾಗಿದ್ದ ಚಡ್ಡಿಯನ್ನು ತೆಗೆದು ಕಸದ ಡಬ್ಬಿಗೆ ತುರುಕಿ ಮೇಲೆ ಕಾಗದ ಮುಚ್ಚಿದ್ದು ಯಾರಿಗೂ ಗೊತ್ತಿರಲಿಲ್ಲ. ವೇದಿಕೆಯ ಮೇಲೆ ಪೇಟದ ಒಳಗೆ ಬೆವರು ಇಳಿಯುತ್ತಿದ್ದಾಗ ಅವನಿಗೆ ಅದೇ ಡಬ್ಬಿಯ ನೆನಪು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತ್ತು; ಕೈ ಮುಗಿದು ನಕ್ಕ, ಅಷ್ಟೇ.

ಅದರ ನಂತರದ ಓಟದಲ್ಲಿ, ಅದೇ ಅರ್ಧ ದಾರಿಗೆ ಬಂದಾಗ, ಬಲಗೈ ತನ್ನಷ್ಟಕ್ಕೆ ತಾನು ಎಕ್ಸಿಲರೇಟರನ್ನು ಸಡಿಲ ಬಿಟ್ಟಿತು. ಅವನು ಬಿಡಲಿಲ್ಲ, ಕೈ ಬಿಟ್ಟಿತು. ಒಂದು ಉಸಿರಿನಷ್ಟು ಹೊತ್ತು, ಮತ್ತೆ ತಿರುವಿತು. ಅಷ್ಟಕ್ಕೇ ಸೋತ. ಕಾರ್ಬ್ಯುರೇಟರಿನದ್ದೇ ತೊಂದರೆ ಎಂದು ಎಲ್ಲರೆದುರು ಹೇಳಿದ, ಹೇಳಿದ ಮೇಲೆ ಬದಲಿಸಲೇಬೇಕಾಯಿತು, ಬದಲಿಸಿದ. ಮುಂದಿನ ಸಲ ಕ್ಲಚ್ಚಿನ ಮೇಲೆ ಹಾಕಿದ. ಚಳಿಗಾಲದಲ್ಲಿ ದೂರು ಹೊರಿಸಲು ಬೇರೆ ಏನೂ ಉಳಿಯದೆ, ಒಂದು ಭಾನುವಾರ ಗ್ರೈಂಡರ್ ಹಿಡಿದು, ತನ್ನ ಕೈಯಾರೆ ಬೆಸೆದ ಚಾಸಿಯನ್ನು ತುಂಡು ತುಂಡು ಕೊಯ್ದು ಹಾಕಿದ. ವೈಷ್ಣವಿ ದೀಪ ಹಿಡಿದು ನಿಂತಿದ್ದಳು. "ಇದ್ರಲ್ಲಿ ಏನು ಪ್ರಾಬ್ಲಮ್ ಸಿಕ್ತು ಜಯ್?" ಎಂದು ಕೇಳಿದಳು. "ಮೆಟಲ್ ಸುಸ್ತಾಗಿದೆ" ಎಂದ. ಹೂಂ ಎಂದಳು. ಎಂಜಿನಿಯರ್ ಆದವಳು, ಒಂದು ಮಾತು ಮರುಪ್ರಶ್ನೆ ಹಾಕದೆ ಅಷ್ಟು ಬೇಗ ಹೂಂ ಎಂದದ್ದು ಅವನನ್ನು ಎಷ್ಟು ರಾತ್ರಿ ಕಾಡಿತ್ತೋ. ಕೊಯ್ದ ಬಾಯಲ್ಲಿ ಲೋಹ ಬೆಳ್ಳಗೆ ಹೊಳೆಯುತ್ತಿತ್ತು, ಒಂದು ಕಪ್ಪು ಗೆರೆಯೂ ಇಲ್ಲದೆ. ಏನೂ ತಪ್ಪು ಮಾಡದ ನಾಯಿಯನ್ನು ಊರಾಚೆ ಬಿಟ್ಟು ಬಂದವನ ಹಾಗೆ ಆ ವಾರವೆಲ್ಲ ಅವನಿಗೆ ಊಟ ಸೇರಲಿಲ್ಲ.

"ಏನಾಗಿತ್ತು ಅಂದೆ" ಎಂದು ಶಿವಕ್ಕ ಮತ್ತೆ ಕೇಳಿದಳು.

"ಹಳೇದಾಗಿತ್ತವ್ವ" ಎಂದು ಜಯದೇವ ವ್ಯಾನಿನ ಹಲಗೆ ಇಳಿಸಿದ.

ಉತ್ತರಕ್ಕೆ ಎರಡೂವರೆ ತಾಸಿನ ದಾರಿ. ಮೂವರೂ ಮುಂದಿನ ಸೀಟಿನಲ್ಲೇ ಒತ್ತೊತ್ತಾಗಿ ಕೂತರು. ಶಿವಕ್ಕನ ತೊಡೆಯ ಮೇಲೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಅವಳು ಕಿಟಕಿಯಾಚೆ ನೋಡುತ್ತ, ಇಷ್ಟು ದನ ಇವೆ, ಕಾಯುವವರು ಒಬ್ಬರೂ ಕಾಣುವುದಿಲ್ಲವಲ್ಲ ಎಂದು ಬೆರಗುಪಡುತ್ತಿದ್ದಳು. ವೈಷ್ಣವಿ ಉತ್ತರ ಕೊಡುತ್ತಿದ್ದಳು. ಜಯದೇವನ ಕಣ್ಣು ಮೋಡ ಹುಡುಕುತ್ತಿತ್ತು. ಸ್ಟಿಯರಿಂಗ್ ಮೇಲಿದ್ದ ತನ್ನ ಬಲಗೈಯನ್ನು ಅವನು ಆಗಾಗ ನೋಡಿಕೊಂಡ. ಗಾಯಕ್ಕೆ ಹೊಲಿಗೆ ಹಾಕಿದ ಗುರುತು, ಬೆಸುಗೆಯ ಕಿಡಿ ಹಾರಿದ ಚುಕ್ಕೆಗಳು, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಎಣ್ಣೆಗಪ್ಪು. ಒಳ್ಳೆಯ ಕೈ. ಇದಕ್ಕೆ ಏನಾಗಿದೆ ಹೇಳಿ. ರೇಸು ಬಿಡುತ್ತೇನೆ ಎಂದು ಒಂದು ಮಾತು ಅಂದುಬಿಟ್ಟರೆ ಮುಗಿಯಿತಲ್ಲ ಎಂದು ಅವನಿಗೂ ಹೊಳೆಯದೆ ಇರಲಿಲ್ಲ. ಆದರೆ ಬಿಟ್ಟ ಮೇಲೆ ಅವನು ಯಾರು? ಆಫೀಸಿನಲ್ಲಿ ಅವನಂಥವರು ಮಹಡಿಗೊಬ್ಬರು; ಬೆಸ್ಟಿನ ಬೀದಿಯಲ್ಲಿ ಕಾರ್ಡಿನ ಪಟ್ಟಿ ಕೊರಳಿಗೆ ಹಾಕಿಕೊಂಡು ರೈಲು ನಿಲ್ದಾಣಕ್ಕೆ ನಡೆಯುವವರು ಸಾವಿರ ಮಂದಿ. ಬೈಕು ಕಟ್ಟಿ ಸಾವಿನ ಮೂಗಿನಡಿ ಓಡಿಸುವವನು ಅವನೊಬ್ಬ. ಅದೊಂದು ಹೋದರೆ ತನ್ನಲ್ಲಿ ತೋರಿಸಿಕೊಳ್ಳಲು ಏನೂ ಉಳಿಯುವುದಿಲ್ಲ ಎಂಬ ಹೆದರಿಕೆ, ಮುಂಗಾಲಿಯ ಹೆದರಿಕೆಗಿಂತ ಕೆಟ್ಟದಾಗಿತ್ತು.

ರೇಸು ನಡೆಯುವ, ಹಿಂದೆ ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಯ ಮೇಲೆ ಡೇರೆಗಳು ಎದ್ದಿದ್ದವು. ಕರಿದ ಆಲೂಗಡ್ಡೆಯ ವಾಸನೆ, ಸುಟ್ಟ ರಬ್ಬರಿನ ವಾಸನೆ. ತಪಾಸಣೆಯ ಸಾಲಿನಲ್ಲಿ ಬೈಕನ್ನು ತಳ್ಳಿಕೊಂಡು ನಿಂತ. ತಪಾಸಣೆ ಮಾಡುವ ಷೂರ್ಡ್ ಬಿಳಿ ಹುಬ್ಬಿನ ಮುದುಕ. ಒಂದು ಕಾಲದಲ್ಲಿ ತಾನೂ ಓಡಿಸಿದವನು. ಟಾರ್ಚ್ ಹಿಡಿದು ಹೊಸ ಬೆಸುಗೆಗಳನ್ನು ಒಂದೊಂದಾಗಿ ನೋಡಿದ, ಬೆರಳಾಡಿಸಿದ, ಚಂದ ಮಾಡಿದ್ದೀಯ ಎಂದು ಡಚ್ಚಿನಲ್ಲಿ ಹೇಳಿದ. ಬಿದ್ದರೆ ಎಂಜಿನ್ ಆಫ್ ಆಗಲೆಂದು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಹಗ್ಗವನ್ನು ಜಗ್ಗಿ ನೋಡಿದ. ಎಕ್ಸಿಲರೇಟರ್ ತಿರುವಿ ಬಿಟ್ಟ. ಅದು ಟಪ್ಪನೆ ಹಿಂದಕ್ಕೆ ಬಂತು. ಆಗ ಅವನ ಕಣ್ಣು ದಾರದ ಮೇಲೆ ಬಿತ್ತು.

"ಇದೇನು?"

"ನನ್ನ ತಾಯಿ ಕಟ್ಟಿದ್ದು. ಪೂಜೆ."

"ಚಂದ ಇದೆ. ಬಿಚ್ಚಿಬಿಡು. ಎಕ್ಸಿಲರೇಟರಿನ ಹತ್ತಿರ ನೇತಾಡುವಂಥದ್ದು ಏನೂ ಇರಬಾರದು."

ಜಯದೇವನ ಕೈ ಆಗಲೇ ದಾರದ ಗಂಟಿನ ಮೇಲಿತ್ತು, ಇದು ಸತ್ಯ. ಬಿಚ್ಚುವವನೇ ಇದ್ದ. ಆದರೆ ಷೂರ್ಡ್ ಏನೋ ನೆನಪಾದವನಂತೆ ಒಂದು ಹೆಜ್ಜೆ ಹಿಂದೆ ಸರಿದು, ದನಿ ತಗ್ಗಿಸಿ, "ಅಥವಾ ಇದು ಧರ್ಮದ ವಿಷಯವೇನು?" ಎಂದ. ಎಲ್ಲ ಕಡೆ ಗೋಡೆಯೇ ಇದೆ ಅಂದುಕೊಂಡವನಿಗೆ ಯಾರೋ ಹಿತ್ತಿಲ ಬಾಗಿಲು ತೆರೆದು ಪಕ್ಕಕ್ಕೆ ನಿಂತ ಹಾಗಾಯಿತು. ಮಳೆ ಮಾಡದಿದ್ದುದನ್ನು ಒಂದು ಅರಿಷಿಣದ ಕೊಂಬು ಮಾಡಲಿತ್ತು.

"ಹೌದು," ಎಂದ ಜಯದೇವ. "ಒಮ್ಮೆ ಕಟ್ಟಿದರೆ ಬಿಚ್ಚುವ ಹಾಗಿಲ್ಲ."

ಷೂರ್ಡ್ ಕೈಗವಸು ತೆಗೆದ. ನಿನ್ನ ನಂಬಿಕೆಯನ್ನು ನಾನು ಗೌರವಿಸುತ್ತೇನೆ, ಆದರೆ ನಿಯಮ ನಿಯಮವೇ, ಓಡಲು ಒಪ್ಪಿಗೆಯ ಸ್ಟಿಕರ್ ಅಂಟಿಸಲಾರೆ, ತಪ್ಪು ತಿಳಿಯಬೇಡ ಎಂದು ಇಷ್ಟಿಷ್ಟೇ ಮಾತನ್ನು ಜೋಡಿಸಿ ಹೇಳಿದ. ಹಿಂದೆ ನಿಂತಿದ್ದ ಇನ್ನೊಬ್ಬ ಸವಾರ ಜಯದೇವನ ಹೆಗಲ ಮೇಲೆ ಕೈಯಿಟ್ಟು, ಇಷ್ಟೆಲ್ಲ ಕಟ್ಟಿ ತಂದು ತತ್ವಕ್ಕಾಗಿ ಬಿಡುವುದು ಸಣ್ಣ ಮಾತಲ್ಲ ಎಂದ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಈ ದೇಶದಲ್ಲಿ ಕಾರ್ಬ್ಯುರೇಟರಿನ ಬಗ್ಗೆ ಸುಳ್ಳು ಹೇಳಿದರೆ ಬಿಚ್ಚಿ ನೋಡುತ್ತಾರೆ. ದೇವರ ಬಗ್ಗೆ ಹೇಳಿದರೆ ಮುಟ್ಟುವುದೂ ಇಲ್ಲ. ಇನ್ನು ಓಡಬೇಕಾಗಿಲ್ಲ ಎಂಬುದು ಎಷ್ಟು ಹಿತವಾಗಿತ್ತೆಂದರೆ ಅವನಿಗೆ ಥಟ್ಟನೆ ಚಿಕ್ಕಂದಿನ, ಊರಾಚೆಯ ಬಾವಿ ನೆನಪಾಯಿತು. ಓಣಿಯ ಹುಡುಗರೆಲ್ಲ ಮೇಲಿನ ಕಲ್ಲಿನಿಂದ ದುಡುಮ್ಮೆಂದು ಹಾರಿ ಕೆಳಗೆ ನೀರಿನಲ್ಲಿ ಕೇಕೆ ಹಾಕುತ್ತಿದ್ದರು. ಮೇಲೆ ಉಳಿದವನು ಅವನೊಬ್ಬನೇ. ಕೆಳಗಿನಿಂದ ಹೆಸರು ಹಿಡಿದು ಕೂಗುತ್ತಿದ್ದರು. "ನಮ್ಮವ್ವ ಆಣಿ ಹಾಕ್ಯಾಳ" ಎಂದುಬಿಟ್ಟಿದ್ದ. ಕೂಗು ನಿಂತಿತು. ತಾಯಿಯ ಆಣೆ ಎಂದ ಮೇಲೆ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಅವಳು ಅಂಥ ಯಾವ ಆಣೆಯನ್ನೂ ಹಾಕಿರಲಿಲ್ಲ. ಆ ರಾತ್ರಿ ಅವಳು ಬಿಸಿ ರೊಟ್ಟಿ ತಾಟಿಗೆ ಹಾಕುವಾಗ ಅವಳ ಮುಖ ನೋಡಲು ಆಗಲಿಲ್ಲ. ಮೂವತ್ತು ವರ್ಷದ ಮೇಲೆ ಮತ್ತೆ ಅದೇ ಕಲ್ಲಿನ ಮೇಲೆ ನಿಂತು ಅದೇ ಅವ್ವನ ಸೆರಗಿನ ಹಿಂದೆ ಅಡಗಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಹೇಸಿಗೆಗಿಂತ ಆ ಹಿತವೇ ಹೆಚ್ಚಾಗಿತ್ತು.

ಬೈಕನ್ನು ಸಾಲಿನಿಂದ ಹೊರಗೆ ತಿರುಗಿಸುವಷ್ಟರಲ್ಲಿ ಷೂರ್ಡ್ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆ ನಿಂತಿದ್ದ ಶಿವಕ್ಕನ ಮುಂದೆ ಹೋಗಿ, ಎಲ್ಲಿ ನೋಡಿ ಕಲಿತಿದ್ದನೋ, ಎರಡೂ ಕೈ ಜೋಡಿಸಿ ತಲೆ ಬಾಗಿಸಿ, ಪಕ್ಕದಲ್ಲಿದ್ದ ವೈಷ್ಣವಿಗೆ ಡಚ್ಚಿನಲ್ಲಿ ನಡೆದದ್ದನ್ನು ಹೇಳಿದ. ಜಯದೇವ ಬೈಕು ತಿರುಗಿಸುವುದನ್ನು ಅರ್ಧಕ್ಕೇ ನಿಲ್ಲಿಸಿದ.

"ಈ ಅಜ್ಜ ನನಗ್ಯಾಕ ಕೈ ಮುಗಿಲಿಕತ್ಯಾನ?" ಎಂದು ಶಿವಕ್ಕ ಸೊಸೆಯನ್ನು ಕೇಳಿದಳು.

ವೈಷ್ಣವಿ ಗಂಡನ ಕಡೆ ನೋಡಿದಳು. ಹೇಳಬೇಡ ಎಂದು ಅವನು ಕಣ್ಣಲ್ಲೇ ಬೇಡಿಕೊಂಡದ್ದು ಅವಳಿಗೆ ಕಾಣದೆ ಇರಲಿಲ್ಲ. "ಸಾರಿ ಕೇಳ್ತಿದಾರೆ ಅತ್ತೆ," ಎಂದಳು. "ನೀವು ಕಟ್ಟಿರೋ ದಾರ ಇದ್ರೆ ರೇಸಿಗೆ ಬಿಡಲ್ವಂತೆ. ಅದನ್ನ ಬಿಚ್ಚೋ ಹಾಗೇ ಇಲ್ಲ ಅಂತ ಇವರು ಹೇಳಿದ್ರಂತೆ."

ಶಿವಕ್ಕ ಒಂದು ಗಳಿಗೆ ಮಗನನ್ನು ನೋಡಿದಳು. ಆಮೇಲೆ ಹಗ್ಗವನ್ನು ಎತ್ತಿ ಬಗ್ಗಿ ಒಳಗೆ ಬಂದಳು. ಯಾರೋ ತಡೆಯಲು ಹೋದವರನ್ನು ಷೂರ್ಡ್ ಬೇಡವೆಂದ. ಹ್ಯಾಂಡಲಿನ ದಾರದ ಗಂಟು ಬಿಗಿಯಾಗಿತ್ತು. ಉಗುರಿನಿಂದ ಆಗದಾಗ ಬಾಗಿ ಹಲ್ಲಿನಿಂದ ಕಚ್ಚಿ ಎಳೆದಳು, ಬಾಯಿಗೆ ಬಂದ ದಾರದ ಎಳೆಯನ್ನು ಥೂ ಎಂದು ಉಗುಳಿದಳು. "ಅರಿಷಿಣ ಕೊಂಬು ಅದು, ನಾಳಿಗಿ ಕುಟ್ಟಿ ಸಾರಿಗಿ ಹಾಕಿದ್ರಾತು," ಎನ್ನುತ್ತ ಕೊಂಬನ್ನು ಸೊಂಟದ ಸಂಚಿಗೆ ಹಾಕಿಕೊಂಡಳು. ನಂತರ ಅವನಿಗಷ್ಟೇ ಕೇಳುವಂತೆ, "ನಾ ಯಾವಾಗ ಬಿಚ್ಚಬ್ಯಾಡ ಅಂದೀನೋ?" ಎಂದಳು.

"ಅವನಿಗಿ ತಿಳೀಲಿಲ್ಲವ್ವ. ನಾ ಬ್ಯಾರೇನೋ ಹೇಳ್ದೆ." ಒಂದು ಸುಳ್ಳಿನ ಮೇಲೆ ಇನ್ನೊಂದು, ಅದೂ ಕೈ ಮುಗಿದು ನಿಂತ ಮುದುಕನ ತಲೆಗೆ ಕಟ್ಟಿ. ಷೂರ್ಡ್ ಸಂತೋಷದಿಂದ ಹಸಿರು ಸ್ಟಿಕರನ್ನು ಟ್ಯಾಂಕಿನ ಮೇಲೆ, ವಿಭೂತಿಗೆ ತಾಗದಂತೆ ಜಾಗ ಹುಡುಕಿ ಅಂಟಿಸಿದ. "ಸುಕ್ಸೆಸ್" ಎಂದು ತನ್ನ ಭಾಷೆಯಲ್ಲಿ ಶುಭ ಹಾರೈಸಿದ.

ಸರದಿ ಬೇಗ ಬಂತು. ರಬ್ಬರು ಕಾದು ನೆಲ ಹಿಡಿಯಲೆಂದು, ಗೆರೆಗಿಂತ ಹಿಂದೆಯೇ, ಹಿಂದಿನ ಗಾಲಿಯ ಕೆಳಗಷ್ಟೇ ಒಂದಿಷ್ಟು ನೀರು ಚೆಲ್ಲಿದರು. ಬ್ರೇಕ್ ಹಿಡಿದು ಗಾಲಿಯನ್ನು ನಿಂತಲ್ಲೇ ತಿರುಗಿಸಿದ. ರಬ್ಬರು ಕಾದು ಬಿಳಿ ಹೊಗೆ ಮೇಲೆದ್ದು ಅವನನ್ನು ಜನರಿಂದ ಮರೆಮಾಡಿತು. ಆ ಹೊಗೆ ಚದುರದೆ ಹಾಗೇ ಇದ್ದರೆ ಚೆನ್ನಾಗಿತ್ತು. ಗೆರೆಗೆ ಬಂದು ನಿಂತ. ಪಕ್ಕದಲ್ಲಿ ಕೆಂಪು ಬೈಕಿನ ಮೇಲೆ ಯಾರೋ ಎಳೆಯ ಪ್ರಾಯದವನು, ಅವನ ಮೊಣಕೈ ಅಲುಗುತ್ತಿರಲಿಲ್ಲ. ಇವತ್ತು ಬಿಡುವುದಿಲ್ಲ ಎಂದು ಜಯದೇವ ತನ್ನ ಬಲಗೈಗೆ ಹೇಳಿಕೊಂಡ, ಮಗುವಿಗೆ ಹೇಳುವ ಹಾಗೆ, ಅವ್ವ ನೋಡುತ್ತಿದ್ದಾಳೆ ಎಂದ. ಹಳದಿ ದೀಪ. ಹಸಿರು. ಬೆನ್ನಿಗೆ ಯಾರೋ ಒದ್ದಂತಾಗಿ ಲೋಕವೆಲ್ಲ ಕಿರಿದಾಗಿ ಮುಂದಿನ ಒಂದು ಬೂದುಬಣ್ಣದ ತೂತಾಯಿತು. ಎಂಜಿನ್ ಹಾಡುತ್ತಿತ್ತು, ಹೊಸ ಚಾಸಿ ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತಿತ್ತು, ಕೆಂಪು ಬೈಕು ಹಿಂದೆಯೇ ಉಳಿದಿತ್ತು. ಎಷ್ಟು ಒಳ್ಳೆಯ ಯಂತ್ರ ಕಟ್ಟಿದ್ದೇನೆ ಎಂದು ಅವನಿಗೆ ಹೆಮ್ಮೆಯಾಯಿತು. ಗಾಲಿ ನಡುಗಲಿಲ್ಲ. ಏನೂ ಆಗಲಿಲ್ಲ. ಏನೂ ಆಗದ ಆ ನೆಟ್ಟಗಿನ ದಾರಿಯ ಅರ್ಧದಲ್ಲಿ ಕೈ ಬಿಟ್ಟಿತು. ಒಂದು ಉಸಿರು. ಕೆಂಪು ಬೈಕು ಎಡಗಡೆಯಿಂದ ಒಂದು ಬೀಸು ಬೀಸಿ ಮುಂದೆ ಹೋಯಿತು. ಅವನು ಮತ್ತೆ ತಿರುವಿದ, ಹಲ್ಲು ಕಚ್ಚಿ ಕೊನೆಯತನಕ ತಿರುವಿದ, ಆದರೆ ಆಗುವುದು ಆಗಿಹೋಗಿತ್ತು.

ಪಕ್ಕದ ದಾರಿಯಲ್ಲಿ ನಿಧಾನವಾಗಿ ವಾಪಸು ಬರುವಾಗ ಅವನು ಕಾರಣ ಹುಡುಕಿಕೊಂಡ. ಅಡ್ಡಗಾಳಿ. ಚಾಸಿಯ ಮೇಲೆ ಹಾಕುವ ಹಾಗಿಲ್ಲ, ಅದು ಹೊಸದು, ಅಡ್ಡಗಾಳಿ ಆಗಬಹುದು. ಬೇಲಿಯಾಚೆಯಿಂದ ಕೆಲವರು ಹೆಬ್ಬೆರಳೆತ್ತಿದರು. ಡೇರೆಯ ಹತ್ತಿರ ಷೂರ್ಡ್, ವೈಷ್ಣವಿ, ಶಿವಕ್ಕ ಒಟ್ಟಿಗೆ ನಿಂತಿದ್ದರು. ಯಾರೋ ಕೊಟ್ಟ ಕಿವಿಮುಚ್ಚಿಯನ್ನು ಶಿವಕ್ಕ ಕಿವಿಗೆ ಹಾಕಿಕೊಳ್ಳದೆ ಕೊರಳಿಗೆ ನೇತುಹಾಕಿಕೊಂಡಿದ್ದಳು. ಅವಳ ಮುಖ ಅರಳಿತ್ತು.

"ಛಲೋ ಹೋದಿ ಮಗನ. ಗುಡುಗಿನಂಗ ಹೋದಿ," ಎಂದು ಅವನ ತೋಳು ಸವರಿದಳು. ಆಮೇಲೆ ಕೇಳಿದಳು, "ಆದ್ರ ಅರ್ಧ ದಾರ್ಯಾಗ ನಿಂದು ಸದ್ದು ಯಾಕ ಕಡಿಮಿ ಆತು? ಆ ಹುಡುಗಂದು ಕಡಿಮಿ ಆಗಲಿಲ್ಲ."

ಷೂರ್ಡ್‌ಗೆ ಕನ್ನಡದ ಒಂದಕ್ಷರ ಬಾರದು. ಆದರೂ ಅವನು ತಟ್ಟನೆ ಮುಖ ತಿರುಗಿಸಿ ಬೇರೆ ಯಾವುದೋ ಬೈಕಿನ ಚೈನು ನೋಡತೊಡಗಿದ. ಆಗ ಜಯದೇವನಿಗೆ ಗೊತ್ತಾಯಿತು. ಮೊದಲ ಸಲ ಬೈಕು ನೋಡಿದ ಅವ್ವನಿಗೆ ಕೇಳಿಸಿದ್ದು ಇವರಿಗೆಲ್ಲ ಕೇಳಿಸದೆ ಇರುತ್ತದೆಯೇ? ಕಾರ್ಬ್ಯುರೇಟರ್ ಎಂದಾಗ ಇವರಿಗೆ ಗೊತ್ತಿತ್ತು. ಕ್ಲಚ್ ಎಂದಾಗ ಗೊತ್ತಿತ್ತು. ಎಂಜಿನ್ ತಾನಾಗಿ ಸೊರಗುವುದಕ್ಕೂ ಕೈ ಬಿಟ್ಟಾಗ ಸೊರಗುವುದಕ್ಕೂ ಇರುವ ಸದ್ದಿನ ವ್ಯತ್ಯಾಸ, ಇಲ್ಲಿ ಆಲೂಗಡ್ಡೆ ಕರಿಯುವವನಿಗೂ ತಿಳಿಯುತ್ತದೆ. ಎಲ್ಲರೂ ಕೇಳಿಸಿಕೊಂಡು, ಅವನ ಮುಖ ನೋಡಿ, ಹೌದೌದು ಎಂದು ತಲೆಯಾಡಿಸಿ, ಅವನ ಬಗ್ಗೆ ಕನಿಕರಪಟ್ಟಿದ್ದರು. ದೀಪ ಹಿಡಿದು ನಿಂತವಳಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಅವನು ಇಷ್ಟು ದಿನ ಜೀವ ಹಿಡಿದು ಮುಚ್ಚಿಟ್ಟಿದ್ದನ್ನು ಬಟಾಬಯಲಲ್ಲಿ, ಧ್ವನಿವರ್ಧಕಕ್ಕಿಂತ ಜೋರಾಗಿ, ತಾನೇ ಸಾರಿಕೊಂಡು ಓಡುತ್ತಿದ್ದ.

ಅಡ್ಡಗಾಳಿ ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ವೈಷ್ಣವಿ ಅವನನ್ನೇ ನೋಡುತ್ತಿದ್ದಳು. ಈ ಸಲ ಹೂಂ ಎನ್ನಲು ಅವಳು ಸಿದ್ಧಳಿದ್ದಂತೆ ಕಾಣಲಿಲ್ಲ.

"ಇಂಜಿನ್‌ಗಿ ಏನೂ ಆಗಿಲ್ಲವ್ವ," ಎಂದ ಅವನು. "ನಾನ ಕೈ ಬಿಟ್ಟೆ. ನನಗ ಅಂಜಿಕಿ ಬರ್ತದ."

ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು, ಮುಖದ ಗಾಜೂ ಮುಚ್ಚಿತ್ತು. ಆ ಮಾತು ಹೊರಗೆ ಹೋಗದೆ ಅವನ ಕಿವಿಗೇ ಬಂದು ಬಡಿಯಿತು. ಶಿವಕ್ಕ ಕತ್ತು ಮುಂದೆ ಚಾಚಿ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಳು.

"ಏನಂದಿ? ಕೇಳಸವಲ್ದು," ಎಂದಳು. "ಅದನ್ನ ತಲೀ ಮ್ಯಾಲಿಂದ ತಗದು, ಜೋರ ಹೇಳು."

ಷೂರ್ಡ್ ಇನ್ನೂ ಆಚೆ ತಿರುಗಿಯೇ ನಿಂತಿದ್ದ. ಜಯದೇವ ಗವಸು ಕಳಚಿ, ಗಲ್ಲದ ಕೆಳಗೆ ಕೈ ಹಾಕಿ, ಪಟ್ಟಿಯನ್ನು ಬಿಚ್ಚತೊಡಗಿದ.